ಒಂದು ಗೇಣು

ಗೆರೆ ಎಳೆಯುವುದು ನನ್ನ ಕೆಲಸ.
ಲಯನಲ್ ಮೆಂಡಿಸ್, ಮೊರಟುವ ನಗರಸಭೆ,
ರಸ್ತೆ ವಿಭಾಗ, ಮೂವತ್ತೊಂದು ವರ್ಷದ ಸರ್ವೀಸು.
ಈ ಊರಲ್ಲಿ ಕಾರು ನಿಲ್ಲುವ ಒಂದೊಂದು ಚೌಕವೂ
ನನ್ನ ಕೈಯದೇ. ಹದಿನಾರಡಿ ಉದ್ದ, ಎಂಟಡಿ ಅಗಲ.
ಮೂರು ಮಕ್ಕಳನ್ನು ಬೆಳೆಸಿದ ನಮ್ಮ ಕೋಣೆಗಿಂತ ದೊಡ್ಡದು
ಅಂತ ಹೆಂಡತಿ ಕಾಮಿನಿ ಒಮ್ಮೆ ನಕ್ಕಿದ್ದಳು.
ನಾನು ನಕ್ಕಿರಲಿಲ್ಲ. ಅಳತೆ ಸರಿಯಾಗಿತ್ತು.

ಆಮೇಲೆ ಪೆಟ್ರೋಲು ಹೋಯಿತು.
ಹೋಯಿತೆಂದರೆ ನೆಂಟರು ಹೋದ ಹಾಗಲ್ಲ,
ಹಲ್ಲು ಹೋದ ಹಾಗೆ:
ಇಲ್ಲದ ಜಾಗವನ್ನೇ ನಾಲಗೆ ಮತ್ತೆ ಮತ್ತೆ ಮುಟ್ಟುವ ಹಾಗೆ.
ಬಂಕಿನಿಂದ ಇಗರ್ಜಿಗೆ, ಇಗರ್ಜಿಯಿಂದ ಸೇತುವೆಗೆ ಸಾಲು.
ಸಾಲಿನಲ್ಲೇ ಊಟ, ಸಾಲಿನಲ್ಲೇ ಇಸ್ಪೀಟು,
ಸಾಲಿನಲ್ಲೇ ಯಾರದೋ ಮಗಳಿಗೆ ಗಂಡು ಗೊತ್ತಾಯಿತು.
ಮೂರು ದಿನ ಕಾದು ನಾಲ್ಕು ಲೀಟರು ತಂದವನೊಬ್ಬ
ಕಾರಿನ ಕೀಲಿಯನ್ನು ಬುದ್ಧನ ಪಟದ ಹಿಂದಿಟ್ಟು
ಕೈಮುಗಿದ.

ಅಟ್ಟಗಳಿಂದ ಸೈಕಲ್ಲುಗಳು ಇಳಿದವು,
ಜೇಡ, ತುಕ್ಕು, ಸತ್ತವರ ಕಾಲಿಗೆ ಹೊಂದಿಸಿದ ಸೀಟು ಸಮೇತ.
ಬಡಗಿ ಸಿರಿಲ್ ಕ್ಯಾರಿಯರಿಗೆ ಅಡ್ಡಹಲಗೆ ಬಿಗಿದು
ತೇಗದ ಕುರ್ಚಿ ನಾಲ್ಕನ್ನು ಒಂದರ ಮೇಲೊಂದು ಹೇರಿ ಹೊರಟರೆ
ದೊರೆಗಳಿಲ್ಲದ ಸಿಂಹಾಸನಗಳ ಮೆರವಣಿಗೆ.
ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ನರ್ಸ್ ಸುನೇತ್ರಾಳ
ಮೊಣಕೈಯನ್ನು ಬಸ್ಸೊಂದು ತರಚಿ ಹೋಯಿತು.
ಬಸ್ಸಿನವನು ಕೆಟ್ಟವನಲ್ಲ.
ಜಾಗ ಇರಲಿಲ್ಲ.
ನಾನು ಕೊಟ್ಟಿರಲಿಲ್ಲ.

ಹೊಸ ಎಂಜಿನಿಯರ್ ದಿನೂಷಾ ಬಂದಳು,
ನಿಂತ ಲಾರಿಯ ಮೂತಿಯ ಮೇಲೆ ನಕಾಶೆ ಹರಡಿದಳು.
"ಮಾಮಾ, ಕಡಲ ಬದಿಯ ಚೌಕಗಳನ್ನೆಲ್ಲ ಅಳಿಸಿ.
ಸೈಕಲ್ಲಿಗೆ ಐದಡಿ."
ಐದೇ?
"ಐದಕ್ಕೆ ಸಹಿ ಬೀಳಲು ಏಳು ಮೀಟಿಂಗು."

ಎಳೆಯುವುದು ಬಲ್ಲೆ. ಅಳಿಸುವುದು ಬೇರೆ ವಿದ್ಯೆ.
ಯಂತ್ರ ಡಾಂಬರನ್ನು ಕೆರೆಯುತ್ತದೆ, ಬಣ್ಣ ಏಳುತ್ತದೆ,
ಬಣ್ಣವಿದ್ದ ಗುರುತು ಏಳುವುದಿಲ್ಲ.
ಮಂಡಿಯೂರಿ ನನ್ನದೇ ಮೂವತ್ತೊಂದು ವರ್ಷ ಕೆರೆದೆ.
ಅಂಗಡಿಯವರು ಬೈದರು: ಗಿರಾಕಿ ಕಾರು ಎಲ್ಲಿ ನಿಲ್ಲಿಸಲಿ?
ಯಾವ ಗಿರಾಕಿ, ಯಾವ ಕಾರು, ಎಂದೆ.
ಅದಕ್ಕೂ ಬೈದರು.

ಹಲ್ಲಿನ ಡಾಕ್ಟರ್ ವಿಜೇತುಂಗರ ಕಾರೊಂದು ಮಾತ್ರ
ಮೂರು ತಿಂಗಳಿಂದ ಕದಲಿಲ್ಲ.
ಟೈರು ನಾಲ್ಕೂ ಕುಸಿದು, ಅಡಿಯಲ್ಲಿ ಬೆಕ್ಕಿನ ಬಾಣಂತನ.
"ನಾಳೆ ತೆಗೆಸುತ್ತೇನೆ" ಎಂದರು.
ನಾಳೆಗೂ ಎಣ್ಣೆ ಬೇಕು.

ರಾತ್ರಿ ಹನ್ನೊಂದು. ಕರೆಂಟಿಲ್ಲ.
ನೂಲಿಗೆ ಸುಣ್ಣದ ಪುಡಿ ಸವರಿ
ಒಂದು ತುದಿ ಹುಡುಗನ ಕೈಗೆ ಕೊಟ್ಟೆ, ಒಂದು ನನಗೆ.
ಟೇಪು ಐದಡಿ ಅಂದಿತು.
ಹೆಬ್ಬೆರಳು ಊರಿದೆ, ಕಿರುಬೆರಳು ಚಾಚಿದೆ:
ಇನ್ನೊಂದು ಗೇಣು.
ಜೀವಮಾನದಲ್ಲಿ ಮಾಡಿದ ಒಂದೇ ಕಳ್ಳತನ.
ಐದಡಿಯಲ್ಲಿ ಒಬ್ಬರ ಹಿಂದೊಬ್ಬರು ಹೋಗಬಹುದು,
ಮೇಲೊಂದು ಗೇಣಿದ್ದರೆ
ಜೊತೆಜೊತೆಗೆ, ಮಾತಾಡಿಕೊಂಡು.
ಕಾರಿನೊಳಗೆ ಇಷ್ಟು ವರ್ಷ ಜನ ಮಾತಾಡಿದ್ದಾರೆ,
ಇವರೂ ಆಡಲಿ.
ನೂಲು ಮೀಟಿದೆ. ಠಪ್ಪೆಂದು ಬಿತ್ತು ಬಿಳಿ.

ಬೆಳಿಗ್ಗೆ ದಿನೂಷಾ ಅಳೆದಳು.
ಮತ್ತೆ ಅಳೆದಳು.
ಟೇಪು ಸುತ್ತಿ, ನನ್ನ ಕೈಬೆರಳುಗಳಲ್ಲಿ ಒಣಗಿದ ಸುಣ್ಣ ನೋಡಿ,
ಪುಸ್ತಕದಲ್ಲಿ ಬರೆದಳು: ಐದಡಿ.

ಎಣ್ಣೆಯ ಹಡಗು ಬಂದೇ ಬರುತ್ತದೆ, ನನಗೆ ಗೊತ್ತು.
ಬೆಲೆ ಇಳಿದ ದಿನ ಚೌಕಗಳು ವಾಪಸು ಕೇಳುತ್ತವೆ,
ಏಳು ಮೀಟಿಂಗು ಅವರೂ ಮಾಡಬಲ್ಲರು.
ನಾನಾಗ ರಿಟೈರು. ಕೆರೆಯುವವನು ಬೇರೆಯವನು.
ಅವನ ಮಂಡಿಗೂ ಡಾಂಬರು ಕಚ್ಚಲಿ,
ಅಷ್ಟೇ ನನ್ನ ಶಾಪ.

ಕೊನೆಗೆ ಡಾಕ್ಟರ ಕಾರನ್ನು ನಾಲ್ಕು ಜನ ನೂಕಿ ಒಳಗಿಟ್ಟರು,
ಬೆಕ್ಕು ಮರಿಗಳನ್ನು ಕಚ್ಚಿಕೊಂಡು ದಾರಿ ದಾಟಿತು.
ಕಾರಿದ್ದಲ್ಲಿ ಗೆರೆ ಇಲ್ಲ. ಹದಿನಾರಡಿ ಖಾಲಿ.
ಬಣ್ಣ ಮುಗಿದಿದೆ, ಅದೂ ಹಡಗಿನಲ್ಲೇ ಬರಬೇಕು.

ಟೀ ಅಂಗಡಿಯ ಬೆಂಚಿನಿಂದ ನೋಡುತ್ತೇನೆ:
ಸುನೇತ್ರಾ, ಪಕ್ಕದಲ್ಲಿ ಮಗಳು, ಏನೋ ವಾದ,
ಹಿಂದೆ ಸಿರಿಲನ ಕುರ್ಚಿಗಳು.
ಗೆರೆ ಮುಗಿದಲ್ಲಿ ಯಾರೂ ಬ್ರೇಕು ಹಿಡಿಯಲಿಲ್ಲ.
ಇದ್ದ ಹಾಗೆಯೇ ಹೋದರು, ನೆಟ್ಟಗೆ.